ಮುಖಪುಟಕ್ಕೊಂದು ಸುಮ್ನೆ

ಜನವರಿ 9

ಅಮ್ಮನಿಗೆ,

ಫೋನು ಮಾಡದೆ ಕಾಗದ ಬರೆದಿದ್ದಾಳೆ, ಏನೋ ಅನಾಹುತ ಆಗಿದೆ ಎಂದು ಎದೆ ಹಿಡಿದುಕೊಳ್ಳಬೇಡ. ಏನೂ ಆಗಿಲ್ಲ. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೊದಲ ಮಾತಿಗೆ ಆರೋಗ್ಯ, ಎರಡನೆಯದಕ್ಕೆ ಹವಾಮಾನ, ಮೂರನೆಯದಕ್ಕೆ ಜಗಳ. ಕಳೆದ ಸಲ ನೀನು ಫೋನು ಕುಕ್ಕಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ನಡುವೆ ಬಾಯಿ ಹಾಕುವಂತಿಲ್ಲ. ನಿನಗೂ ಅದೇ ಅನುಕೂಲ.

ವಿಷಯ ಇಷ್ಟು: ನಾನು ಸಂಪಾದಕಿಯಾದೆ. ಉಪ, ಸಹಾಯಕ, ಪ್ರಭಾರ ಎಂಬ ಬಾಲ ಯಾವುದೂ ಇಲ್ಲದ ಪೂರ್ತಿ ಸಂಪಾದಕಿ. ಹಲವು ದೇಶಗಳಲ್ಲಿ ಹೊರಡುವ ಅದೇ ಫ್ಯಾಷನ್ ಪತ್ರಿಕೆ, ಅದರಲ್ಲಿ ನಮ್ಮ ಭಾಷೆಯ ಆವೃತ್ತಿ. ಎಲ್ಲ ಆವೃತ್ತಿಗಳ ಮೇಲೂ ಒಬ್ಬ ಮಹಾಸಂಪಾದಕಿ ಇದ್ದಾರೆ, ಕಡಲಾಚೆಯ ಪ್ರಧಾನ ಕಚೇರಿಯಲ್ಲಿ. ನಾವು ಅವರನ್ನು ದೊಡ್ಡಮ್ಮ ಎನ್ನುತ್ತೇವೆ, ಅವರಿಗೆ ತಿಳಿಯದ ಹಾಗೆ.

ನಾನು ಕುರ್ಚಿಯಲ್ಲಿ ಕೂತ ದಿನವೇ ದೊಡ್ಡಮ್ಮ ಪರದೆಯ ಮೇಲೆ ಪ್ರತ್ಯಕ್ಷರಾದರು. ಅವರ ಪ್ರಕಾರ ಪ್ರತಿ ಆವೃತ್ತಿಗೂ ಒಂದು ಪದ ಇರುತ್ತದಂತೆ. ಒಂದು ದೇಶದ್ದು ಧೈರ್ಯ, ಇನ್ನೊಂದರದ್ದು ಮೋಹ, ಚಳಿ ಹೆಚ್ಚಿರುವ ಕಡೆಯದ್ದು ಮೌನ. ಅಲ್ಲಲ್ಲಿನ ಸಂಪಾದಕರು ಹುಡುಕಿ ಹಿಡಿದ ಪದ ಅದು. ಪತ್ರಿಕೆಯ ಹೆಸರು ಹರಿದು ಹಾಕಿದರೂ ಒಳಗಿನ ಚಿತ್ರ ನೋಡಿ ಇದು ಇಂಥ ಕಡೆಯದು ಎಂದು ಹೇಳಬಹುದಂತೆ. ‘ನಿಮ್ಮದು ಮಾತ್ರ ಎಲ್ಲಿಯದೂ ಅಲ್ಲ’ ಎಂದರು. ಸೆಪ್ಟೆಂಬರಿನ ವಾರ್ಷಿಕ ಸಂಚಿಕೆಯೊಳಗೆ ನಮ್ಮ ಆವೃತ್ತಿಗೆ ಸ್ವಂತ ಮುಖ ಬರಬೇಕು. ಇಲ್ಲವಾದರೆ ಎಲ್ಲ ಪುಟಗಳೂ ಅಲ್ಲಿಂದಲೇ ಸಿದ್ಧವಾಗಿ ಬರುತ್ತವೆ, ನಾವು ಅನುವಾದ ಮಾಡಿ ಹಾಕಬೇಕು. ‘ಆಗ ಸಂಪಾದಕಿ ಬೇಕಾಗಿಲ್ಲ, ನಿಘಂಟು ಸಾಕು’ ಎಂದರು ನಗುತ್ತಲೇ.

ಹೊಸ ಸಂಚಿಕೆ ಕಳಿಸಿದ್ದೇನೆ. ಓದು. ಬಯ್ಯುವುದಿದ್ದರೆ ಮೆಲ್ಲಗೆ ಬಯ್ಯಿ.

ಸಂಪಾದಕಿ
(ಅಂದರೆ ನಿನ್ನ ಪುಟ್ಟಿ)

---

ಜನವರಿ 27

ಪುಟ್ಟೀ,

ನೀನು ಸಂಪಾದಕಿಯಾದದ್ದು ಸಂತೋಷ. ಪಕ್ಕದ ಟೈರ್ ಅಂಗಡಿಯವನಿಗೂ ಹೇಳಿದೆ. ‘ಅಂದ್ರೆ ಏನ್ ಕೆಲ್ಸ?’ ಅಂದ. ‘ಬೇರೆಯವ್ರು ಮಾಡಿದ್ದು ಸರಿಯಿಲ್ಲ ಅಂತ ಹೇಳೋ ಕೆಲ್ಸ’ ಅಂದೆ. ‘ಓ, ಹಾಗಾದ್ರೆ ನಿಮ್ಮ ಕೆಲ್ಸಾನೇ’ ಅಂದ. ಡ್ರೈವಿಂಗ್ ಸ್ಕೂಲ್ ನಡೆಸುವವಳಿಗೆ ಈ ಬೀದಿಯಲ್ಲಿ ಇಷ್ಟು ಮರ್ಯಾದೆ.

ಮೊದಲು ಒಂದು ಮಾತು. ಯಾರವಳು ದೊಡ್ಡಮ್ಮ? ನನಗೆ ಅಕ್ಕ ಇಲ್ಲ. ಈ ವಯಸ್ಸಿನಲ್ಲಿ ಇಲ್ಲದ ಅಕ್ಕನನ್ನು ತಂದು ನನ್ನ ಕೊರಳಿಗೆ ಕಟ್ಟಬೇಡ. ಆಕೆಯ ಸ್ಥಾನ ಏನೆಂದು ನನಗೆ ಅರ್ಥವಾಯಿತು. ಪಾಠದ ಕಾರಿನಲ್ಲಿ ನನ್ನ ಕಾಲ ಬಳಿಯೂ ಒಂದು ಬ್ರೇಕು ಇದೆಯಲ್ಲ, ಆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತವಳು ಅವಳು. ಗಾಡಿ ಓಡಿಸುತ್ತಿರುವುದು ನೀನು.

ಪತ್ರಿಕೆಯನ್ನು ಒಂದು ಪುಟವೂ ಬಿಡದೆ ನೋಡಿದೆ. ಮುಖಪುಟದ ಹುಡುಗಿ ಯಾಕೆ ಹಾಗೆ ದುರುಗುಟ್ಟುತ್ತಾಳೆ? ಹಿಂದಿನಿಂದ ಯಾರೋ ಅವಳ ಗಾಡಿಗೆ ಗುದ್ದಿದ ಹಾಗಿದೆ. ಒಳಗಿನವರೆಲ್ಲ ಗೋಡೆಗೆ ಒರಗಿ ನಿಂತಿದ್ದಾರೆ. ಇಡೀ ಪತ್ರಿಕೆಯಲ್ಲಿ ಒಬ್ಬಳಾದರೂ ಚೀಲ ಹಿಡಿದು ಎಲ್ಲಿಗೋ ಹೊರಟಂತಿಲ್ಲ. ಯಾರ ಉಡುಪಿಗೂ ಜೇಬಿಲ್ಲ. ಬೀಗದ ಕೈ ಎಲ್ಲಿ ಇಟ್ಟುಕೊಳ್ಳುತ್ತಾರೆ?

ಇನ್ನು ಆ ದಪ್ಪ ಅಕ್ಷರ: ‘ಈ ಋತುವಿಗೆ ಅನಾಯಾಸ’. ಅನಾಯಾಸ ಅಂದರೆ ನಮ್ಮವರಿಗೆ ಮುಂದಿನ ಪದ ಮರಣ ಅಂತಲೇ ಅಲ್ಲವೇನೇ? ಪತ್ರಿಕೆಯನ್ನು ಸ್ಕೂಲಿನ ಬೆಂಚಿನ ಮೇಲೆ ಇಟ್ಟಿದ್ದೆ. ಪಾಠಕ್ಕೆ ಬಂದ ನಿವೃತ್ತ ಮೇಷ್ಟ್ರು ನೋಡಿ ‘ಅಯ್ಯೋ ಪಾಪ, ಇನ್ನೂ ಚಿಕ್ಕ ವಯಸ್ಸು’ ಎಂದು ಲೊಚಗುಟ್ಟಿದರು. ಆವತ್ತು ಅವರ ಕೈಗೆ ಸ್ಟೇರಿಂಗು ಕೊಡಲು ನನಗೇ ಭಯವಾಯಿತು.

ನೀನು ತಂದಿದ್ದ ಹೂವಿನ ಕೋಟು ಬೀರುವಿನಲ್ಲೇ ಇದೆ. ‘ಇದನ್ನ ಹಾಕ್ಕೊಂಡು ಯಾರಿಗೆ ತೋರಿಸ್ಲಿ’ ಎಂದದ್ದಕ್ಕೆ ನಿನಗೆ ಅಷ್ಟು ಸಿಟ್ಟು ಬಂತು. ಈಗಲೂ ಅದನ್ನೇ ಕೇಳುತ್ತೇನೆ. ನಿಮ್ಮಪ್ಪ ಹೋದ ಮೇಲೆ ನನಗೆ ಬೂದು ಬಣ್ಣವೇ ಸಲೀಸು. ಕೊಳೆ ಕಾಣುವುದಿಲ್ಲ, ಯಾರೂ ಕಣ್ಣೆತ್ತಿ ನೋಡುವುದೂ ಇಲ್ಲ.

ಸುಮ್ಮನೆ ಬರೆದೆ. ಉತ್ತರ ಬರೆಯಲೇಬೇಕು ಎಂದೇನಿಲ್ಲ.

ಅಮ್ಮ

---

ಮಾರ್ಚ್ 3

ಅಮ್ಮ,

ಮೆಲ್ಲಗೆ ಬಯ್ಯಿ ಎಂದಿದ್ದೆ. ನಿನ್ನ ಮೆಲ್ಲಗೆ ಇಷ್ಟಾದರೆ ಜೋರು ಹೇಗಿರಬಹುದು!

‘ಅನಾಯಾಸ’ದ ಕಥೆ ಕೇಳು. ಕಷ್ಟಪಟ್ಟು ಅಲಂಕರಿಸಿಕೊಂಡು, ಕಷ್ಟವೇ ಪಡದ ಹಾಗೆ ಕಾಣುವುದು ಪ್ರಧಾನ ಕಚೇರಿಯವರ ಪ್ರಾಣ. ಪ್ರತಿ ಸಂಚಿಕೆಯಲ್ಲೂ ಆ ಪದ ಇರಲೇಬೇಕೆಂಬ ಕಟ್ಟಪ್ಪಣೆ ಬೇರೆ. ನಮ್ಮ ಅನುವಾದಕರು ಅದಕ್ಕೆ ಹುಡುಕಿಕೊಟ್ಟದ್ದು ‘ಅನಾಯಾಸ’. ಒಳ್ಳೆಯ ಮನುಷ್ಯ, ಭಾಷೆಯಲ್ಲಿ ಪಂಡಿತರು, ಅಂಗಿಯ ಗುಂಡಿ ಮಾತ್ರ ಒಂದು ದಿನವೂ ಸರಿಯಾದ ಕಾಜಿನಲ್ಲಿ ಇರುವುದಿಲ್ಲ. ಸಂಚಿಕೆ ಹೊರಬಂದ ವಾರ ಮೂರು ಓದುಗರು ಸಂತಾಪ ಸೂಚಿಸಿ ಕಾರ್ಡು ಬರೆದರು. ಅನುವಾದಕರು ತಲೆ ಮೇಲೆ ಕೈಹೊತ್ತು ಕೂತರು. ‘ಪದ ಶುದ್ಧವಾಗಿಯೇ ಇದೆ ಮೇಡಂ, ಜನರ ಮನಸ್ಸೇ ಮಸಣಕ್ಕೆ ಹೋಗ್ತದೆ’ ಎಂದರು.

ನಮ್ಮ ಕಚೇರಿ ಇರುವುದು ದಂತವೈದ್ಯರ ಮೇಲಿನ ಮಹಡಿಯಲ್ಲಿ. ಗೋಡೆಯ ಮೇಲೆ ಮುಂದಿನ ಸಂಚಿಕೆಯ ಪುಟಗಳನ್ನು ಚಿಕ್ಕದಾಗಿ ಅಂಟಿಸಿ, ಒಂದನ್ನು ತೆಗೆದು ಇನ್ನೊಂದನ್ನು ಇಟ್ಟು, ದೂರ ನಿಂತು ನೋಡುತ್ತೇವೆ. ಸರಿ ಅನ್ನಿಸುವ ಹೊತ್ತಿಗೆ ಕೆಳಗೆ ಯಂತ್ರ ಕಿರ್ರ್ ಎನ್ನುತ್ತದೆ, ಯಾರೋ ಅಮ್ಮಾ ಎಂದು ಕೂಗುತ್ತಾರೆ. ಆ ಪುಟವನ್ನು ಕಿತ್ತು ಹಾಕುತ್ತೇವೆ.

ನಾನು ಇದುವರೆಗೆ ದೊಡ್ಡಮ್ಮನ ಮುಂದಿಟ್ಟ ಪದಗಳು: ಸೊಗಸು. ‘ಬೇರೆಯವರದ್ದು ಇದೆ’ ಎಂದರು. ಬೆಡಗು. ‘ಅದೂ ಇದೆ.’ ಠೀವಿ. ಅದನ್ನು ಉಚ್ಚರಿಸಲು ಹೋಗಿ ಅವರಿಗೆ ಕೆಮ್ಮು ಬಂದು ಸಭೆ ಮುಗಿಯಿತು. ಜಗತ್ತಿನ ಒಳ್ಳೆಯ ಗುಣಗಳನ್ನೆಲ್ಲ ನಮಗಿಂತ ಮೊದಲು ಹೋದ ಆವೃತ್ತಿಗಳು ಹಂಚಿಕೊಂಡುಬಿಟ್ಟಿವೆ. ತಡವಾಗಿ ಬಂದವರಿಗೆ ಉಳಿದದ್ದು ಸೋಮಾರಿತನ, ಹೊಟ್ಟೆಕಿಚ್ಚು.

ನಗಬೇಡ. ನನಗೆ ನಿಜಕ್ಕೂ ದಿಗಿಲಾಗಿದೆ. ಈ ಕುರ್ಚಿಗಾಗಿ ಎಷ್ಟು ವರ್ಷ ಕಾದಿದ್ದೇನೆಂದು ನಿನಗೆ ಗೊತ್ತು. ಹೂವಿನ ಕೋಟಿನ ವಿಷಯ ನಾನು ಎತ್ತುವುದಿಲ್ಲ. ಎತ್ತಿದರೆ ಇದೂ ಫೋನಾಗುತ್ತದೆ.

ಪುಟ್ಟಿ

---

ಮಾರ್ಚ್ 30

ಪುಟ್ಟೀ,

ಇಲ್ಲಿ ನನ್ನ ತಲೆ ಕೆಟ್ಟುಹೋಗಿದೆ, ಕೇಳು.

ಹೊಸದಾಗಿ ಒಬ್ಬರು ಬ್ಯಾಂಕ್ ಮ್ಯಾನೇಜರ್ ಕಲಿಯಲು ಬರುತ್ತಿದ್ದಾರೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ಮುಂದೆ ಹೋಗುವುದು ಚೆನ್ನಾಗಿ ಬರುತ್ತದೆ. ರಿವರ್ಸ್ ಅಂದರೆ ಸಾಕು, ಕಣ್ಣು ಮುಚ್ಚಿಬಿಡುತ್ತಾರೆ. ‘ಕಣ್ಣು ಮುಚ್ಚಿದ್ರೆ ಹಿಂದೆ ಏನಿದೆ ಅಂತ ಹೇಗ್ರೀ ಗೊತ್ತಾಗತ್ತೆ?’ ಅಂದರೆ ‘ಗೊತ್ತಾಗಬಾರ್ದು ಅಂತಾನೇ ಮುಚ್ಚೋದು ಮೇಡಂ’ ಅನ್ನುತ್ತಾರೆ.

ಆಕೆ ಪಾಠಕ್ಕೆ ಬರುವ ಚೆಂದ ನೀನು ನೋಡಬೇಕು. ಒಂದು ದಿನ ಕಿವಿಯಲ್ಲಿ ತೂಗಾಡುವ ಓಲೆ, ಮರುದಿನ ನೇರಳೆ ಬಣ್ಣದ ಸ್ಕಾರ್ಫು, ಮತ್ತೊಂದು ದಿನ ಮೊಣಕೈ ತನಕ ಕೈಗವಸು. ನಾನು ಇಂಥದ್ದನ್ನೆಲ್ಲ ಕೇಳುವವಳಲ್ಲ. ಆದರೂ ತಡೆಯಲಾಗದೆ ಕೇಳಿದೆ.

‘ಎಲ್ಲಿಗ್ರೀ ಹೊರಟಿದ್ದೀರಿ?’

‘ಎಲ್ಲಿಗೂ ಇಲ್ಲ ಮೇಡಂ.’

‘ಮತ್ತೆ ಇದೆಲ್ಲ?’

‘ಸುಮ್ನೆ.’

ಸುಮ್ನೆಯಂತೆ! ಕನ್ನಡಿಯ ಮುಂದೆ ಒಂದು ಗಂಟೆ ನಿಲ್ಲದೆ ಆ ಸ್ಕಾರ್ಫು ಹಾಗೆ ಕೂರುವುದಿಲ್ಲ. ಆವತ್ತಿನಿಂದ ನಾನು ಎಲ್ಲರನ್ನೂ ಕೇಳುತ್ತಿದ್ದೇನೆ. ಔಷಧಿ ಅಂಗಡಿಯ ಹುಡುಗಿ ಉಗುರಿಗೆ ನೀಲಿ ಬಣ್ಣ ಹಚ್ಚಿಕೊಂಡಿದ್ದಳು. ಯಾಕೆ? ಸುಮ್ನೆ. ನಮ್ಮ ನಿವೃತ್ತ ಮೇಷ್ಟ್ರು ಮೀಸೆ ತೆಗೆಸಿದ್ದಾರೆ. ಯಾಕೆ? ಸುಮ್ನೆ. ಈ ಊರಿನಲ್ಲಿ ಹೊಸದಾಗಿ ಏನು ಹಾಕಿಕೊಂಡರೂ ಒಬ್ಬರೂ ನಿಜ ಹೇಳುವುದಿಲ್ಲ. ನಿನ್ನ ಪ್ರಧಾನ ಕಚೇರಿಯವರ ಅದೇ ರೋಗ, ಹೆಸರು ಬೇರೆ.

ಇನ್ನೊಂದು ವಿಷಯ. ನಾನು ಒಂದು ಜೊತೆ ಬೂಟು ಕೊಂಡೆ. ಗಿಳಿಹಸಿರು. ಕ್ಲಚ್ಚಿನ ಮೇಲೆ ಕಾಲಿಟ್ಟರೆ ವಿದ್ಯಾರ್ಥಿಗಳು ರಸ್ತೆ ಬಿಟ್ಟು ನನ್ನ ಕಾಲು ನೋಡುತ್ತಾರೆ. ಯಾಕೆ ಕೊಂಡೆ ಎಂದು ಕೇಳಬೇಡ.

ಸುಮ್ಮನೆ ಬರೆದೆ.

ಅಮ್ಮ

---

ಏಪ್ರಿಲ್ 18

ಅಮ್ಮಾ!

ಸಿಕ್ಕಿತು. ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದುತ್ತಿದ್ದವಳು ನನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದೆ. ಅಲ್ಲಿಂದ ಕಚೇರಿಗೆ ಓಡಿದೆ. ಗೋಡೆಯ ಮೇಲಿನ ಪುಟಗಳನ್ನೆಲ್ಲ ಕಿತ್ತೆ. ದಪ್ಪ ಪೆನ್ನಿನಲ್ಲಿ ಒಂದೇ ಪದ ಬರೆದು ಅಂಟಿಸಿದೆ: ಸುಮ್ನೆ.

ಅನುವಾದಕರು ಕನ್ನಡಕ ಏರಿಸಿ ನೋಡಿ ಮೊದಲು ಹೇಳಿದ್ದು, ‘ಮೇಡಂ, ಒಂದು ಮಕಾರ ಹಾರಿಹೋಗಿದೆ. ಸುಮ್ಮನೆ ಅಂತಾಗಬೇಕು.’ ಅರ್ಧ ದಿನ ಅದೇ ಜಗಳ. ಅವರದ್ದು ಬರಹದ ಪದ, ನನ್ನದು ಬಾಯಿಯ ಪದ. ಕೊನೆಗೆ ನಾನು ಅವರನ್ನು ಕೇಳಿದೆ, ‘ಸಾರ್, ಇವತ್ತು ಯಾಕೆ ಹೊಸ ಅಂಗಿ?’ ಅವರು ನಾಚಿ ತಲೆ ತಗ್ಗಿಸಿ ‘ಸುಮ್ನೆ’ ಎಂದರು. ಎಂದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು. ಹೆಚ್ಚಿನ ಮಕಾರ ಅಲ್ಲಿಗೆ ಬಿದ್ದುಹೋಯಿತು.

ದೊಡ್ಡಮ್ಮನಿಗೆ ಅದನ್ನು ವಿವರಿಸಿದ್ದು ಬೇರೆಯೇ ರಾಮಾಯಣ. ಅರ್ಥ ಏನು ಎಂದರು. ಕಾರಣವಿಲ್ಲದೆ ಎಂದೆ. ಅನುವಾದಕರು ‘ಸದ್ದಿಲ್ಲದೆ ಅಂತಲೂ ಆಗತ್ತೆ’ ಎಂದು ಸೇರಿಸಿದರು. ಪುಕ್ಕಟೆ ಅಂತಲೂ ಆಗುತ್ತದೆ. ಸುಳ್ಳುಸುಳ್ಳೇ ಅಂತಲೂ ಆಗುತ್ತದೆ. ಸಿಟ್ಟಿನಲ್ಲಿ ಹೇಳಿದರೆ ಬಾಯಿ ಮುಚ್ಚು ಅಂತಲೂ ಆಗುತ್ತದೆ. ದೊಡ್ಡಮ್ಮ ಎಲ್ಲವನ್ನೂ ಬರೆದುಕೊಂಡರು. ‘ಅಂದರೆ ನಿಮ್ಮ ಆವೃತ್ತಿಯ ಗುರುತು ಕಾರಣವಿಲ್ಲದ, ಸದ್ದಿಲ್ಲದ, ಪುಕ್ಕಟೆ ಸುಳ್ಳು. ಜಾಹೀರಾತಿನವರಿಗೆ ನಾನು ಇದನ್ನು ಹೇಳಬೇಕೇ? ಇಷ್ಟು ಪದಗಳಿರುವಾಗ ಇದೇ ಯಾಕೆ?’ ಎಂದರು. ಅನುವಾದಕರಿಗೆ ಗಾಬರಿಯಲ್ಲಿ ಬಾಯಿಗೆ ಬಂದ ಉತ್ತರ ಯಾವುದೆಂದು ನೀನೇ ಊಹಿಸು. ನಮ್ಮ ಕೋಣೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ದೊಡ್ಡಮ್ಮ ನಗಲಿಲ್ಲ. ಆದರೆ ಸೆಪ್ಟೆಂಬರಿನ ಸಂಚಿಕೆ ಹಾಗೆಯೇ ಸಿದ್ಧವಾಗಲಿ, ಆಮೇಲೆ ನೋಡೋಣ ಎಂದಿದ್ದಾರೆ.

ಈ ಸಂಚಿಕೆಯಲ್ಲಿ ಗೋಡೆಗೆ ಒರಗಿದವರು ಇರುವುದಿಲ್ಲ. ಎಲ್ಲಿಗೋ ಹೊರಟವರು, ಎಲ್ಲಿಗೂ ಹೊರಡದವರು, ನಿಜವಾದ ಹೆಂಗಸರು. ಪುಟದ ಮೇಲೆ ನಿನ್ನ ಪ್ರಶ್ನೆ: ‘ಎಲ್ಲಿಗ್ರೀ ಹೊರಟಿದ್ದೀರಿ?’ ಕೆಳಗೆ ಉತ್ತರ: ‘ಸುಮ್ನೆ.’ ಅಷ್ಟೇ.

ಮುಖಪುಟಕ್ಕೆ ನೀನು ಬೇಕು. ಪಾಠದ ಕಾರು, ಎಲ್ ಬೋರ್ಡು, ಗಿಳಿಹಸಿರು ಬೂಟು. ಇಲ್ಲ ಅನ್ನಬೇಡ.

ಪುಟ್ಟಿ

---

ಏಪ್ರಿಲ್ 25

ಸುಮ್ನಿರು.

ಅಮ್ಮ

---

ಏಪ್ರಿಲ್ 29

ಪುಟ್ಟೀ,

ಯಾವತ್ತು ಬರುತ್ತಾರೆ? ಕಾರು ತೊಳೆಸಬೇಕು.

ಅಮ್ಮ

---

ಜೂನ್ 2

ಪುಟ್ಟೀ,

ನಿನ್ನ ದಂಡು ಬಂದು ಹೋಯಿತು. ತಾವೂ ಫೋಟೋದಲ್ಲಿ ಬರಬಹುದೆಂದು ಬೀದಿಯಲ್ಲಿ ಒಬ್ಬರೂ ಆವತ್ತು ಅಂಗಡಿ ಬಿಟ್ಟು ಕದಲಲಿಲ್ಲ. ಟೈರ್ ಅಂಗಡಿಯವನು ಇದ್ದ ಟೈರುಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟ. ಯಾಕೋ ಎಂದರೆ ಮತ್ತೆ ಅದೇ ಉತ್ತರ.

ನಿನ್ನ ಛಾಯಾಗ್ರಾಹಕಿ ಒಳ್ಳೆಯ ಹುಡುಗಿ, ಆದರೆ ಅವಳಿಗೆ ಏನು ಬೇಕು ಎಂದು ಅವಳಿಗೇ ಗೊತ್ತಿಲ್ಲ. ‘ಅಮ್ಮಾ, ನೀವು ಫೋಟೋ ತೆಗೆಸ್ತಾ ಇಲ್ಲ ಅನ್ಕೊಳ್ಳಿ’ ಅಂದಳು. ಮುಖದ ಮುಂದೆ ಮೊರದಷ್ಟು ದೊಡ್ಡ ದೀಪ ಇಟ್ಟು ಹಾಗೆ ಅಂದುಕೋ ಅಂದರೆ ಹೇಗೆ? ‘ಸಹಜವಾಗಿ ನಡೀರಿ’ ಅಂದಳು. ಇಷ್ಟು ವರ್ಷದಿಂದ ಸಹಜವಾಗಿ ನಡೆದ ಕಾಲು ಆಗ ಮರದ ಕಾಲಾಯಿತು. ಕೊನೆಗೆ ನಾನು ಸಾಕಾಗಿ ಕಾರಿನ ಬಾಗಿಲು ತೆಗೆದು ಅಡ್ಡ ಕೂತು, ಬೂಟಿನೊಳಗೆ ಸೇರಿದ್ದ ಕಲ್ಲು ಕೊಡವುತ್ತಾ ಬ್ಯಾಂಕ್ ಮ್ಯಾನೇಜರಿಗೆ ‘ಕಣ್ಣು ಬಿಡ್ರೀ!’ ಎಂದು ಕೂಗಿದೆ. ಅವರು ಆಚೆ ಇನ್ನೊಂದು ಕಾರನ್ನು ಕಂಬದ ಕಡೆಗೆ ಹಿಂದಕ್ಕೆ ಬಿಡುತ್ತಿದ್ದರು. ಹುಡುಗಿ ಅದನ್ನೇ ತೆಗೆದುಕೊಂಡು ‘ಸಿಕ್ತು ಸಿಕ್ತು’ ಎಂದು ಕುಣಿದಳು. ಕಂಬಕ್ಕೂ ಸಿಕ್ಕಿತು, ಕಾರಿನ ಹಿಂದಿನ ದೀಪ ಹೋಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿನಲ್ಲಿ ನನ್ನ ಮುಖದ ಗೆರೆ ಅಳಿಸಿದರೆ ನಾನು ನಿನ್ನ ತಾಯಿಯಲ್ಲ.

ದಂಡಿನ ಜೊತೆ ನೀನೂ ಬರಬಹುದು ಅಂದುಕೊಂಡಿದ್ದೆ. ವ್ಯಾನಿನಿಂದ ಕೊನೆಯವರು ಇಳಿಯುವ ತನಕ ನೋಡಿದೆ. ನಿನಗೆ ಕೆಲಸ ಇರುತ್ತದೆ, ಗೊತ್ತು.

ಸುಮ್ಮನೆ ಬರೆದೆ.

ಅಮ್ಮ

---

ಜುಲೈ 14

ಅಮ್ಮ,

ಇಷ್ಟು ದಿನ ಬರೆಯದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಬರೆಯುವಂಥ ಸುದ್ದಿ ಇರಲಿಲ್ಲ. ಈಗ ಇದೆ, ಕೆಟ್ಟದ್ದು.

ನಿನ್ನ ಚಿತ್ರ ಅದ್ಭುತವಾಗಿದೆ. ಗೆರೆಗಳೆಲ್ಲ ಇದ್ದ ಹಾಗೇ ಇವೆ. ಒಂದು ಕಾಲಲ್ಲಿ ಹಸಿರು ಬೂಟು, ಇನ್ನೊಂದು ಬೂಟು ಕೈಯಲ್ಲಿ, ಬಾಯಿ ಪೂರ್ತಿ ತೆರೆದಿದೆ. ಗೋಡೆಗೆ ಅಂಟಿಸಿದ ದಿನ ಎಲ್ಲರೂ ಅದರ ಮುಂದೆ ನಿಂತುಬಿಟ್ಟರು. ಕೆಳಗಿನ ದಂತವೈದ್ಯರು ಬಂದು ನೋಡಿ ‘ಹಲ್ಲು ಚೆನ್ನಾಗಿ ಇಟ್ಕೊಂಡಿದಾರೆ’ ಎಂದು ಹೇಳಿ ಹೋದರು.

ಪುಟಗಳನ್ನು ಪ್ರಧಾನ ಕಚೇರಿಗೆ ಕಳಿಸಿದೆ. ದೊಡ್ಡಮ್ಮ ಬ್ರೇಕು ಒತ್ತಿದರು. ಕಾರು ಇರಲಿ, ಎಲ್ ಬೋರ್ಡು ಇರಲಿ, ಬೂಟಿನ ಬಣ್ಣವೂ ಇರಲಿ, ನೀನು ಮಾತ್ರ ಬೇಡವಂತೆ. ನಿನ್ನ ಜಾಗದಲ್ಲಿ ಅವರ ಕಡೆಯ ರೂಪದರ್ಶಿ ಕೂರಬೇಕು. ಎಲ್ಲ ದೇಶಗಳ ಮುಖಪುಟಗಳನ್ನು ಸಾಲಾಗಿ ಇಟ್ಟಾಗ ಒಂದೇ ಮನೆಯವರ ಹಾಗೆ ಕಾಣಬೇಕಂತೆ. ಸ್ವಂತ ಮುಖ ಬೇಕು ಎಂದವರೂ ಅವರೇ, ಬಂದ ಮುಖ ಬೇಡ ಎನ್ನುವವರೂ ಅವರೇ.

ಅದಕ್ಕಿಂತ ಹೆಚ್ಚು ಉರಿಸಿದ್ದು ಇನ್ನೊಂದು. ಪ್ರತಿ ‘ಸುಮ್ನೆ’ಯ ಮುಂದೆ ಒಂದು ಕಾರಣ ಬರೆಯಬೇಕಂತೆ, ಓದುಗರಿಗೆ ಗೊಂದಲವಾಗದ ಹಾಗೆ. ಮಾದರಿಯನ್ನೂ ಕಳಿಸಿದ್ದಾರೆ: ‘ಸುಮ್ನೆ, ಏಕೆಂದರೆ ಈ ಋತುವಿನ ಬಣ್ಣ ಹಸಿರು.’ ಅನುವಾದಕರು ಅದನ್ನು ಓದಿ ಎದ್ದು ನಿಂತರು. ‘ಸುಮ್ನೆ ಆದಮೇಲೆ ಏಕೆಂದರೆ ಬರೋದುಂಟಾ ಮೇಡಂ? ಇದನ್ನು ಬರೆಯೋದಕ್ಕಿಂತ ಅನಾಯಾಸ ವಾಸಿ’ ಎಂದು ಹೊರಗೆ ಹೋಗಿ ಗಾಳಿ ಕುಡಿದು ಬಂದರು.

ಒಪ್ಪಿದರೆ ಆವೃತ್ತಿ ಉಳಿಯುತ್ತದೆ, ಕುರ್ಚಿಯೂ ಉಳಿಯುತ್ತದೆ. ಒಪ್ಪದಿದ್ದರೆ ಎರಡೂ ಹೋಗಬಹುದು. ಮುಂದಿನ ವಾರ ಪುಟಗಳು ಅಚ್ಚಿಗೆ ಹೋಗಬೇಕು. ನಾನು ಬಹುಶಃ ಒಪ್ಪುತ್ತೇನೆ ಅಮ್ಮ. ನಿನಗೆ ಮೊದಲೇ ಹೇಳಿಬಿಡೋಣ ಎಂದು ಬರೆದೆ.

ಪುಟ್ಟಿ

---

ಜುಲೈ 17

ಪುಟ್ಟೀ,

ಅವಸರದಲ್ಲಿ ಬರೆಯುತ್ತಿದ್ದೇನೆ. ಬ್ಯಾಂಕ್ ಮ್ಯಾನೇಜರಿಗೆ ಇವತ್ತು ಪರೀಕ್ಷೆ, ಹೊರಗೆ ಹಾರ್ನ್ ಒತ್ತುತ್ತಿದ್ದಾರೆ. ಹಾರ್ನ್ ಒತ್ತುವುದೊಂದು ಅವರಿಗೆ ಚೆನ್ನಾಗಿ ಬರುತ್ತದೆ.

ನನ್ನ ಚಿತ್ರ ಬರದಿದ್ದರೆ ನನಗೇನೂ ಇಲ್ಲ. ಈ ಮಾತು ಸುಳ್ಳು. ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಬರದಿದ್ದರೆ ಬೇಸರವಾಗುತ್ತದೆ. ಅದು ಆ ಕಡೆ ಇರಲಿ.

ಜನವರಿಯಲ್ಲಿ ನಾನು ನಿನಗೆ ನನ್ನ ಕಡೆಯ ಬ್ರೇಕಿನ ವಿಷಯ ಬರೆದಿದ್ದೆ. ಪೂರ್ತಿ ಹೇಳಿರಲಿಲ್ಲ. ಪಾಠದ ಕಾರಿನಲ್ಲಿ ನನ್ನ ಕಡೆ ಬ್ರೇಕು ಇದೆ, ಕ್ಲಚ್ಚು ಇದೆ. ಸ್ಟೇರಿಂಗು ಇಲ್ಲ. ಗಾಡಿ ನಿಲ್ಲಿಸುವುದು ನನ್ನ ಕೈಲಾಗುತ್ತದೆ, ತಿರುಗಿಸುವುದು ಆಗುವುದಿಲ್ಲ. ಕಲಿಯುವವರಿಗೆ ಇದು ಗೊತ್ತಿರುವುದಿಲ್ಲ. ನಾನು ಬ್ರೇಕಿನ ಮೇಲೆ ಕಾಲಿಟ್ಟ ಕೂಡಲೇ ಹೆದರಿ ಸ್ಟೇರಿಂಗನ್ನೇ ಕೈಬಿಡುತ್ತಾರೆ. ಗಾಡಿ ಚರಂಡಿಗೆ ಹೋಗುವುದು ಆಗ.

ಆಕೆ ನಿಲ್ಲಿಸುವುದಾದರೆ ನಿಲ್ಲಿಸಲಿ. ನೀನು ಕೈಬಿಡಬೇಡ.

ಮತ್ತೆ ಹಾರ್ನ್. ಹೊರಟೆ.

ಅಮ್ಮ

---

ಸೆಪ್ಟೆಂಬರ್ 10

ಅಮ್ಮ,

ಈ ಹೊತ್ತಿಗೆ ಸಂಚಿಕೆ ನಿನ್ನ ಬೆಂಚಿನ ಮೇಲೆ ಇರಬೇಕು. ಮುಖಪುಟದಲ್ಲಿ ನೀನೇ. ಪ್ರಶ್ನೆ ನಿನ್ನದು, ಉತ್ತರ ಊರಿನದು, ಏಕೆಂದರೆ ಎಂಬುದು ಎಲ್ಲೂ ಇಲ್ಲ. ನಿನ್ನ ಕಾಗದ ಬಂದ ದಿನವೇ ಪುಟಗಳನ್ನು ಇದ್ದಂತೆಯೇ ಅಚ್ಚಿಗೆ ಕಳಿಸಿದೆ. ‘ಇದು ನಮ್ಮ ಮುಖ. ಬೇಡವಾದರೆ ನಿಲ್ಲಿಸಿ, ಬದಲಾಯಿಸಲಾರೆ’ ಎಂದು ದೊಡ್ಡಮ್ಮನಿಗೂ ಬರೆದು, ಮೇಜಿನ ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿದೆ.

ಉತ್ತರವೇ ಬರಲಿಲ್ಲ. ಅಚ್ಚೂ ನಿಲ್ಲಲಿಲ್ಲ. ವಾರಗಟ್ಟಲೆ ಪೆಟ್ಟಿಗೆಯಿಂದಲೇ ಪೆನ್ನು ತೆಗೆದು ಬರೆದು ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದೆ. ಸಂಚಿಕೆ ಹೊರಬಂದ ಮೇಲೆ ಓದುಗರ ಕಾಗದಗಳು ಬಂದವು, ಒಂದೂ ಸಂತಾಪದ್ದಲ್ಲ. ಒಬ್ಬ ದಾದಿ ಹೊಸ ಟೋಪಿ ಹಾಕಿಕೊಂಡ ಚಿತ್ರ ಕಳಿಸಿ ಕೆಳಗೆ ಒಂದೇ ಪದ ಬರೆದಿದ್ದಳು. ಆಮೇಲೆ ಅಂಥವೇ ಬರತೊಡಗಿದವು. ಗೋಡೆಯಲ್ಲಿ ಜಾಗ ಸಾಲದೆ ಕಿಟಕಿಗೂ ಅಂಟಿಸಿದ್ದೇವೆ.

ನಿನ್ನೆ ಸಂಜೆ, ಕೆಳಗಿನ ಯಂತ್ರ ನಿಂತು ಕಚೇರಿ ಖಾಲಿಯಾಗುವ ಹೊತ್ತಿಗೆ, ದೊಡ್ಡಮ್ಮ ಪರದೆಗೆ ಬಂದರು. ಅಕ್ಕಪಕ್ಕ ಯಾರೂ ಇರಲಿಲ್ಲ. ಮೊದಲು ನನ್ನ ಆರೋಗ್ಯ ಕೇಳಿದರು. ಆಮೇಲೆ ಇಲ್ಲಿಯ ಹವಾಮಾನ. ಮೂರನೆಯದು ಏನೆಂದು ನನಗೆ ಗೊತ್ತಲ್ಲ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು. ‘ಏನಾದರೂ ತಪ್ಪಾಗಿದೆಯೇ?’ ಎಂದೆ. ಇಲ್ಲ ಎಂದರು. ‘ಸಂಚಿಕೆಯ ವಿಷಯವೇ?’ ಅದಲ್ಲ ಎಂದರು. ‘ಮತ್ತೆ ಯಾಕೆ ಕರೆದಿರಿ?’ ಎಂದೆ.

‘ಸುಮ್‌ನೇ’ ಎಂದರು ದೊಡ್ಡಮ್ಮ, ನಮ್ಮ ಭಾಷೆಯಲ್ಲಿ.

ಒತ್ತು ತಪ್ಪಾಗಿತ್ತು, ಅರ್ಥ ತಪ್ಪಾಗಿರಲಿಲ್ಲ. ಅವರಿಗೊಬ್ಬ ಮಗ ಇದ್ದಾನಂತೆ, ಅದೇ ಊರಿನಲ್ಲಿ. ಕೆಲಸವಿಲ್ಲದೆ ಇಬ್ಬರೂ ಫೋನು ಮಾಡುವುದಿಲ್ಲವಂತೆ. ‘ನಿಮ್ಮ ಪದವನ್ನು ಅವನ ಮೇಲೆ ಪ್ರಯೋಗಿಸುವ ಮೊದಲು ನಿಮ್ಮ ಮೇಲೆ ಅಭ್ಯಾಸ ಮಾಡಿದೆ’ ಎಂದರು. ಪರದೆಯಿಂದ ಮರೆಯಾಗುವ ಮುಂಚೆ, ಆವೃತ್ತಿ ಇದ್ದ ಹಾಗೇ ಮುಂದುವರಿಯಲಿ, ಕಾರಣ ಕೇಳಬೇಡಿ ಎಂದರು. ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿದೆ.

ಆಮೇಲೆ ನಿನ್ನ ಕಾಗದಗಳನ್ನು ತೆಗೆದು ಕೂತೆ. ಒಂದರ ಕೊನೆಗೆ ‘ಸುಮ್ಮನೆ ಬರೆದೆ’, ಇನ್ನೊಂದರ ಕೊನೆಗೂ ‘ಸುಮ್ಮನೆ ಬರೆದೆ’ ಎಂದಿದೆ. ಅದೇ ಪದದ ಮೇಲೆ ಇಡೀ ಪತ್ರಿಕೆ ಕಟ್ಟಿದ ಸಂಪಾದಕಿ ನಾನು. ಅದರ ಐದು ಅರ್ಥಗಳನ್ನು ಬರೆಸಿ ಕಡಲಾಚೆಗೆ ಕಳಿಸಿದ್ದೆ, ಆರನೆಯದು ನನಗೆ ಹೊಳೆದಿರಲಿಲ್ಲ. ಖಾಲಿ ಕಚೇರಿಯಲ್ಲಿ ಗಟ್ಟಿಯಾಗಿ ಅತ್ತೆ ಅಮ್ಮ. ಹಲ್ಲು ಕೀಳಿಸಿಕೊಂಡವರು ಯಾರೋ ಮೇಲೆ ಹತ್ತಿ ಬಂದಿದ್ದಾರೆ ಅಂದುಕೊಂಡು ಕಾವಲುಗಾರ ನೀರು ತಂದುಕೊಟ್ಟ.

ಪುಟ್ಟಿ

---

ಸೆಪ್ಟೆಂಬರ್ 13

ಪುಟ್ಟೀ,

ನಿನ್ನ ಕಾಗದ ಇವತ್ತು ಬಂತು. ಫೋನು ಅದಕ್ಕಿಂತ ಮೊದಲೇ ಬಂದಿತ್ತಲ್ಲ. ರಿಂಗಾದ ಕೂಡಲೇ ಓಡಿಬಂದು ಎತ್ತಿದೆ.

‘ಏನಾಯ್ತೇ?’ ಅಂದೆ.

‘ಏನಿಲ್ಲಮ್ಮ.’

‘ಮತ್ತೆ ಯಾಕ್ ಮಾಡ್ದೆ?’

‘ಸುಮ್ನೆ.’

ನಾನು ಎಣಿಸುತ್ತಿದ್ದೆ. ಮೂರನೆಯ ಮಾತು ದಾಟಿತು, ನಾಲ್ಕನೆಯದೂ ದಾಟಿತು. ಐದನೆಯದಕ್ಕೆ ಜಗಳ ಬಂತು. ಹೂವಿನ ಕೋಟಿಗೂ ಗಿಳಿಹಸಿರು ಬೂಟಿಗೂ ಹೊಂದುವುದಿಲ್ಲ ಎಂದೆಯಲ್ಲ, ನಿನ್ನ ಸಂಪಾದಕಿತನ ಕಚೇರಿಯಲ್ಲಿ ಇಟ್ಟುಕೋ. ನಾನು ಎರಡನ್ನೂ ಒಟ್ಟಿಗೇ ಹಾಕಿಕೊಳ್ಳುತ್ತೇನೆ.

ಹಾಕಿಕೊಂಡೇ ಈ ಕಾಗದ ಬರೆಯುತ್ತಿದ್ದೇನೆ. ಟೈರ್ ಅಂಗಡಿಯವನು ನೋಡಿ ‘ಎಲ್ಲಿಗೆ ಹೊರಟ್ರಿ ಮೇಡಂ?’ ಅಂದ. ಏನು ಹೇಳಿದೆ ಎಂದು ನಿನಗೆ ಬರೆಯಬೇಕಾಗಿಲ್ಲ. ಅವನು ನಂಬಲಿಲ್ಲ. ನಾನು ಕಾರಿನಲ್ಲಿ ಬಟ್ಟೆಯ ಪೆಟ್ಟಿಗೆ ಇಟ್ಟಿದ್ದು ನೋಡಿದ್ದ.

ಬ್ಯಾಂಕ್ ಮ್ಯಾನೇಜರೂ ಬರುತ್ತಿದ್ದಾರೆ. ಮೂರನೆಯ ಸಲಕ್ಕೆ ಪಾಸಾದರು. ನೇರಳೆ ಸ್ಕಾರ್ಫು ಕಟ್ಟಿಕೊಂಡು ತಯಾರಾಗಿ ನಿಂತಿದ್ದಾರೆ. ಗಾಡಿ ಅವರೇ ಓಡಿಸುತ್ತಾರೆ, ನಾನು ನನ್ನ ಕಡೆಯ ಬ್ರೇಕಿನ ಬಳಿ ಕೂರುತ್ತೇನೆ. ನಿನ್ನ ಬೀದಿಯಲ್ಲಿ ಮುಂದಕ್ಕೆ ಹೋಗುತ್ತಲೇ ಗಾಡಿ ನಿಲ್ಲಿಸಬಹುದಾದ ಜಾಗ ಸಿಕ್ಕರೆ ಸರಿ. ರಿವರ್ಸ್ ಮಾಡಬೇಕಾಗಿ ಬಂದರೆ ನಾನೂ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಈ ಕಾಗದ ಸುಮ್ಮನೆ ಬರೆದದ್ದಲ್ಲ. ನಿನ್ನನ್ನು ನೋಡಬೇಕು. ಅಂಚೆಗೂ ಹಾಕುವುದಿಲ್ಲ, ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ಆದ್ದರಿಂದ ನೀನು ಇದನ್ನು ಓದುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಈಗ ತಲೆಯೆತ್ತಿ, ‘ಯಾಕಮ್ಮ ಬಂದೆ?’ ಎಂದು ಕೇಳು. ಉತ್ತರವನ್ನು ದಾರಿಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡು ಬಂದಿರುತ್ತೇನೆ.

ಅಮ್ಮ